ಅಂತರಂಗ ಸಮಮಿತಿಯೂ ಬಹಿರಂಗ ಸಮಮಿತಿಯೂ: ಒಂದು ಐಕ್ಯಪ್ರಯತ್ನದ ಚರಿತ್ರೆ

೧. ವಿಷಯನಿರ್ದೇಶ

ಒಂದು ವಸ್ತುವನ್ನು ಯಾವುದೋ ಒಂದು ರೀತಿಯಲ್ಲಿ ಮಾರ್ಪಡಿಸಿದ ಮೇಲೂ ಅದು ಮೊದಲಿದ್ದಂತೆಯೇ ತೋರುವುದಾದರೆ, ಆ ಮಾರ್ಪಾಡಿನ ವಿಷಯದಲ್ಲಿ ಆ ವಸ್ತುವಿಗೆ ಸಮಮಿತಿಯುಂಟೆಂದು ಗಣಿತಶಾಸ್ತ್ರಜ್ಞರು ಹೇಳುತ್ತಾರೆ. ಎಂಟು ದಳಗಳ ರಂಗವಲ್ಲಿಯನ್ನು ಒಂದು ದಳದಷ್ಟು ತಿರುಗಿಸಿದರೆ ಮೊದಲಿನ ಚಿತ್ರವೇ ಕಣ್ಣಿಗೆ ಬೀಳುವುದು. ಇದು ಆಕೃತಿಯ ಸಮಮಿತಿ. ಇಪ್ಪತ್ತನೆಯ ಶತಮಾನದ ಭೌತವಿಜ್ಞಾನವು ಈ ಭಾವನೆಯನ್ನು ಆಕೃತಿಗಳಿಂದ ಎತ್ತಿ ಪ್ರಕೃತಿಯ ನಿಯಮಗಳಿಗೆ ಅನ್ವಯಿಸಿತು. ಯಾವ ಮಾರ್ಪಾಡುಗಳಿಂದ ನಿಯಮಗಳು ವಿಕಾರಹೊಂದುವುದಿಲ್ಲವೋ ಅವನ್ನು ಅರಿತರೆ ನಿಯಮಗಳ ಅರ್ಧವನ್ನು ಅರಿತಂತೆಯೇ ಎಂಬುದು ಈ ಶಾಸ್ತ್ರದ ಅನುಭವವಾಯಿತು.

ಇಂತಹ ಸಮಮಿತಿಗಳಲ್ಲಿ ಎರಡು ಜಾತಿಗಳುಂಟು. ದೇಶಕಾಲಗಳಲ್ಲಿ ಸ್ಥಳಾಂತರ ಮಾಡುವುದು, ತಿರುಗಿಸುವುದು, ವೇಗವನ್ನು ಬದಲಿಸುವುದು ಮುಂತಾದ ಮಾರ್ಪಾಡುಗಳಿಗೆ ಸಂಬಂಧಪಟ್ಟದ್ದು ಒಂದು ಜಾತಿ. ಕಣವು ಇದ್ದಲ್ಲಿಯೇ ಇದ್ದು, ಅದರ ಆಂತರಿಕ ಲಕ್ಷಣ ಮಾತ್ರ ಬದಲಾಗುವುದು ಇನ್ನೊಂದು ಜಾತಿ. ಗೇಜ್ ಸಮಮಿತಿಗಳೆಂದು ಪ್ರಸಿದ್ಧವಾದವು ಈ ಎರಡನೆಯ ವರ್ಗದವು. ಮೊದಲನೆಯದನ್ನು ಬಹಿರಂಗ ಸಮಮಿತಿಯೆಂದೂ ಎರಡನೆಯದನ್ನು ಅಂತರಂಗ ಸಮಮಿತಿಯೆಂದೂ ಇಲ್ಲಿ ವ್ಯವಹರಿಸಿದೆ. ವ್ಯಾಕರಣಶಾಸ್ತ್ರದಲ್ಲಿ ಅಂತರಂಗ ಬಹಿರಂಗಗಳೆಂಬ ಪದಗಳಿಗೆ ವಿಧಿಗಳ ಬಲಾಬಲಕ್ಕೆ ಸಂಬಂಧಿಸಿದ ಬೇರೊಂದು ಪಾರಿಭಾಷಿಕಾರ್ಥವಿದೆ. ಪ್ರಕೃತದಲ್ಲಿ ಅದು ವಿವಕ್ಷಿತವಲ್ಲ, ಶಬ್ದದ ಸಹಜಾರ್ಥವೇ ಸಾಕು.

ಈ ಎರಡು ಜಾತಿಗಳೂ ಮೂಲದಲ್ಲಿ ಒಂದೇ ಸಮಮಿತಿಯ ಎರಡು ಮುಖಗಳಾಗಿರಬಾರದೇಕೆ ಎಂಬ ಪ್ರಶ್ನೆಯು ೧೯೧೮ನೆಯ ಇಸವಿಯಿಂದ ಇಂದಿನವರೆಗೆ ಭೌತವಿಜ್ಞಾನಿಗಳನ್ನು ಬಿಟ್ಟಿಲ್ಲ. ಪಾಠಗ್ರಂಥಗಳಲ್ಲಿ ಇದರ ಕಥೆಯು ಮೆಟ್ಟಿಲು ಮೆಟ್ಟಿಲಾಗಿ ಏರುವಂತೆ ಕಾಣುತ್ತದೆ: ಒಂದು ತತ್ತ್ವ, ಅದರ ವಿಸ್ತಾರ, ಒಂದು ನಿಷೇಧ, ಆ ನಿಷೇಧಕ್ಕೊಂದು ಅಪವಾದ. ಆದರೆ ಬೋಧನೆಯ ಕ್ರಮವೇ ಬೇರೆ, ಘಟನೆಗಳ ಕ್ರಮವೇ ಬೇರೆ. ಘಟನೆಗಳನ್ನು ಅವುಗಳ ಕಾಲದಲ್ಲಿಟ್ಟು ನೋಡಿದರೆ, ಐಕ್ಯದ ಪ್ರಯತ್ನಗಳಲ್ಲಿ ಒಂದೂ ತಾನು ಬಯಸಿದ ಐಕ್ಯವನ್ನು ಪಡೆಯಲಿಲ್ಲವೆಂಬುದೂ, ಪ್ರತಿಯೊಂದು ಸಲವೂ ಎದುರಾದ ಆಕ್ಷೇಪವೇ ಶಾಸ್ತ್ರಕ್ಕೆ ಶಾಶ್ವತವಾದ ಲಾಭವನ್ನು ತಂದಿತೆಂಬುದೂ ಸ್ಪಷ್ಟವಾಗುತ್ತದೆ.

೨. ಬಹಿರಂಗ ಸಮಮಿತಿಯ ಸ್ಥಾಪನೆ

೧೯೦೫ರಲ್ಲಿ ಐನ್‌ಸ್ಟೈನನು ವಿಶಿಷ್ಟ ಸಾಪೇಕ್ಷತಾವಾದವನ್ನು ಪ್ರಕಟಿಸಿದನು. ಅದೇ ವರ್ಷ ಫ್ರಾನ್ಸಿನ ಪ್ವಾಂಕರೆಯು ಆ ವಾದದ ಮಾರ್ಪಾಡುಗಳೆಲ್ಲ ಸೇರಿ ಒಂದು ಗಣಿತಸಂಕುಲವಾಗುತ್ತವೆಂದು ತೋರಿಸಿದನು. ಸಂಕುಲವೆಂದರೆ, ಒಂದರ ಮೇಲೊಂದು ಮಾಡಿದರೂ ಅದೇ ಜಾತಿಯ ಮಾರ್ಪಾಡೇ ಫಲಿಸುವ, ಪ್ರತಿಯೊಂದಕ್ಕೂ ವಿಲೋಮವುಳ್ಳ ಮಾರ್ಪಾಡುಗಳ ಸಮೂಹ. ೧೯೦೮ರಲ್ಲಿ ಮಿಂಕೋವ್‌ಸ್ಕಿಯು ದೇಶವೂ ಕಾಲವೂ ಪ್ರತ್ಯೇಕವಲ್ಲ, ನಾಲ್ಕು ಆಯಾಮಗಳ ಒಂದೇ ದೇಶಕಾಲವೆಂದು ಪ್ರತಿಪಾದಿಸಿದನು. ಈ ದೇಶಕಾಲದ ಮೂಲಭೂತ ಮಾರ್ಪಾಡುಗಳು ಒಟ್ಟು ೧೦: ಸ್ಥಳಾಂತರಗಳು ೪, ಭ್ರಮಣಗಳು ೩, ವೇಗಾಂತರಗಳು ೩.

೧೯೧೮ರಲ್ಲಿ ಗಟ್ಟಿಂಗೆನ್ನಿನ ವಿದುಷಿ ಎಮ್ಮಿ ನೋಯ್ಥರ್ ಎಂಬವಳು ಎರಡು ಪ್ರಮೇಯಗಳನ್ನು ಪ್ರಕಟಿಸಿದಳು. ನಿಯಮಗಳಿಗೆ ನಿರಂತರವಾದ ಸಮಮಿತಿಯೊಂದಿದ್ದರೆ, ಅದಕ್ಕೆ ಅನುಗುಣವಾಗಿ ಅಳಿಯದೆ ಉಳಿಯುವ ಒಂದು ರಾಶಿ ಇರಲೇಬೇಕೆಂಬುದು ಮೊದಲನೆಯದು. ಕಾಲದಲ್ಲಿ ಸ್ಥಳಾಂತರವು ನಿರ್ವಿಶೇಷವಾದುದರಿಂದ ಶಕ್ತಿಯು ನಿತ್ಯ. ದೇಶದಲ್ಲಿ ಸ್ಥಳಾಂತರವು ನಿರ್ವಿಶೇಷವಾದುದರಿಂದ ಸಂವೇಗವು ನಿತ್ಯ. ಸ್ಥಳದಿಂದ ಸ್ಥಳಕ್ಕೆ ಬೇರೆಯಾಗಬಲ್ಲ ಸಮಮಿತಿಗಳನ್ನು, ಎಂದರೆ ಮುಂದೆ ಗೇಜ್ ಎಂದು ಹೆಸರಾದ ಜಾತಿಯನ್ನು, ಎರಡನೆಯ ಪ್ರಮೇಯವು ಒಳಗೊಳ್ಳುತ್ತದೆ. ೧೯೩೯ರಲ್ಲಿ ವಿಗ್ನರನು ಕಣವೆಂದರೇನು ಎಂಬ ಪ್ರಶ್ನೆಗೇ ಬಹಿರಂಗ ಸಮಮಿತಿಯಿಂದ ಉತ್ತರವನ್ನು ಹೇಳಿದನು: ಮೇಲ್ಕಂಡ ಸಂಕುಲದಲ್ಲಿ ಕಣದ ಗುರುತು ಅದರ ದ್ರವ್ಯರಾಶಿ ಮತ್ತು ಸ್ಪಿನ್ ಎಂಬ ಸ್ವಭ್ರಮಣ, ಇವೆರಡೇ. ವಿದ್ಯುದಂಶ ಮೊದಲಾದ ಇತರ ಲಕ್ಷಣಗಳ ಸುಳಿವು ಅದರಲ್ಲಿಲ್ಲ. ಆ ಲಕ್ಷಣಗಳು ಎಲ್ಲಿಂದ ಬಂದವು? ಐಕ್ಯಪ್ರಯತ್ನದ ಮೂಲಪ್ರಶ್ನೆಯಿದು.

೩. ವೈಲನ ಅಳತೆಗೋಲು

೧೯೧೫ರಲ್ಲಿ ಐನ್‌ಸ್ಟೈನನು ಗುರುತ್ವವನ್ನು ದೇಶಕಾಲದ ವಕ್ರತೆಯೆಂದು ನಿರೂಪಿಸಿದನು. ಉಳಿದದ್ದು ವಿದ್ಯುತ್ಕಾಂತ ಬಲ. ಅದೂ ದೇಶಕಾಲದ ರೇಖಾಗಣಿತವೇ ಆಗಬಾರದೇಕೆಂದು ಜ್ಯೂರಿಕ್ಕಿನಲ್ಲಿದ್ದ ಹೆರ್ಮನ್ ವೈಲನು ಯೋಚಿಸಿದನು. ಆತನ ಯುಕ್ತಿಯನ್ನು ನಮ್ಮ ಸಂತೆಯ ದೃಷ್ಟಾಂತದಿಂದ ತಿಳಿಯಬಹುದು. ಹಿಂದೆ ಸೇರು ಕೊಳಗಗಳ ಅಳತೆಯು ಊರಿಂದೂರಿಗೆ ಬೇರೆಯಾಗಿದ್ದಿತು. ಊರೂರಿನ ಅಳತೆಯು ಸ್ವತಂತ್ರವಾಗಿದ್ದರೂ ವ್ಯಾಪಾರವು ನಿಲ್ಲಲಿಲ್ಲ. ಒಂದೂರಿನ ಕೊಳಗವು ಪಕ್ಕದೂರಿನ ಎಷ್ಟಕ್ಕೆ ಸಮವೆಂಬ ತಾಳೆಯಿದ್ದರೆ ಸಾಕಾಗಿದ್ದಿತು. ಹಾಗೆಯೇ ದೇಶಕಾಲದ ಪ್ರತಿಯೊಂದು ಬಿಂದುವಿನಲ್ಲಿಯೂ ಉದ್ದದ ಮಾನವನ್ನು ಸ್ವತಂತ್ರವಾಗಿ ಆರಿಸಿಕೊಳ್ಳಬಹುದೆಂದೂ, ಬಿಂದುವಿನಿಂದ ಬಿಂದುವಿಗೆ ತಾಳೆ ನೋಡುವ ನಿಯಮವನ್ನು ಒಂದು ಕ್ಷೇತ್ರವು ವಹಿಸುತ್ತದೆಂದೂ ವೈಲನು ಹೇಳಿದನು. ಆ ಕ್ಷೇತ್ರದ ಗಣಿತವನ್ನು ಬಿಡಿಸಿದಾಗ ವಿದ್ಯುತ್ಕಾಂತ ಕ್ಷೇತ್ರದ ಲಕ್ಷಣಗಳೇ ಅದರಲ್ಲಿ ಕಂಡುವು. ಅಳತೆಯ ಮಾನವನ್ನು ಸೂಚಿಸುವ ಜರ್ಮನ್ ಶಬ್ದವನ್ನು ಆತನು ಇದಕ್ಕೆ ಬಳಸಿದನು. ಇಂಗ್ಲಿಷಿನಲ್ಲಿ ಅದು ಗೇಜ್ ಆಯಿತು. ರೈಲುಹಾದಿಯ ಅಗಲವನ್ನು ಹೇಳುವ ಮೀಟರ್ ಗೇಜ್, ಬ್ರಾಡ್ ಗೇಜ್ ಎಂಬ ಮಾತುಗಳಿಂದ ಕನ್ನಡಿಗರಿಗೆ ಪರಿಚಿತವಾದ ಶಬ್ದವೇ ಇದು.

ಈ ಲೇಖನವನ್ನು ೧೯೧೮ರಲ್ಲಿ ಪ್ರಷ್ಯದ ವಿದ್ವತ್ಸಂಸ್ಥೆಯು ಪ್ರಕಟಿಸಿತು. ಆದರೆ ಐನ್‌ಸ್ಟೈನನ ಆಕ್ಷೇಪವೂ ಅದಕ್ಕೆ ವೈಲನ ಸಮಾಧಾನವೂ ಅದರ ಕೊನೆಯಲ್ಲಿಯೇ ಅಚ್ಚಾದುವು. ಪೂರ್ವಪಕ್ಷವೂ ಸಿದ್ಧಾಂತವೂ ಒಂದೇ ಪುಟದಲ್ಲಿ ಕುಳಿತ ಇಂತಹ ನಿದರ್ಶನವು ಆಧುನಿಕ ವಿಜ್ಞಾನದಲ್ಲಿ ಅಪರೂಪ. ಐನ್‌ಸ್ಟೈನನು ಕಲ್ಪನೆಯ ಪ್ರತಿಭೆಯನ್ನು ಮುಕ್ತಕಂಠದಿಂದ ಹೊಗಳಿದವನೇ. ಆತನ ಆಕ್ಷೇಪವಿಷ್ಟೆ: ಅಳತೆಯು ಸಂಚರಿಸಿದ ಹಾದಿಯನ್ನು ಅವಲಂಬಿಸುವುದಾದರೆ, ಬೇರೆ ಬೇರೆ ಹಾದಿಗಳಿಂದ ಬಂದ ಎರಡು ಜಲಜನಕ ಪರಮಾಣುಗಳ ಗಾತ್ರವೂ ಕಂಪನಕಾಲವೂ ಬೇರೆಯಾಗಬೇಕು, ಪ್ರತಿ ಪರಮಾಣುವಿಗೂ ತನ್ನ ಪೂರ್ವಚರಿತ್ರೆಯ ನೆನಪಿರಬೇಕು. ಆದರೆ ಪ್ರಕೃತಿಯಲ್ಲಿ ಎಲ್ಲ ಜಲಜನಕ ಪರಮಾಣುಗಳೂ ಒಂದೇ ಬಗೆಯ, ಕೂದಲೆಳೆಯಷ್ಟು ಸ್ಫುಟವಾದ ರೋಹಿತರೇಖೆಗಳನ್ನು ಕೊಡುತ್ತವೆ. ಹೇತುವು ಎಷ್ಟೇ ರಮ್ಯವಾಗಿದ್ದರೂ ಪ್ರತ್ಯಕ್ಷದಿಂದ ಬಾಧಿತವಾದ ಮೇಲೆ ಅದು ಹೇತ್ವಾಭಾಸವೇ.

ಆಕ್ಷೇಪದಿಂದ ಯುಕ್ತಿಯು ಸಾಯಲಿಲ್ಲ; ಅದರ ಆಶ್ರಯವು ಬದಲಾಯಿತು. ೧೯೨೬ರಲ್ಲಿ ಕ್ವಾಂಟಂ ತರಂಗವಾದವು ಹುಟ್ಟಿದಾಗ, ಅದೇ ವರ್ಷ ರಷ್ಯದ ಫೋಕ್ ಎಂಬವನೂ ೧೯೨೭ರಲ್ಲಿ ಜರ್ಮನಿಯ ಫ್ರಿಟ್ಸ್ ಲಂಡನ್ ಎಂಬವನೂ ಒಂದು ಸಂಗತಿಯನ್ನು ಕಂಡರು: ಬಿಂದುವಿನಿಂದ ಬಿಂದುವಿಗೆ ಬದಲಾಗಬಹುದಾದದ್ದು ಉದ್ದವಲ್ಲ, ತರಂಗದ ಪ್ರಾವಸ್ಥೆ, ಎಂದರೆ ಅಲೆಯು ತನ್ನ ಏರಿಳಿತದಲ್ಲಿ ಎಲ್ಲಿದೆಯೆಂದು ಸೂಚಿಸುವ ಕೋನ. ವೈಲನ ಗುಣಕದಲ್ಲಿ ಋಣಸಂಖ್ಯೆಯ ವರ್ಗಮೂಲವೊಂದನ್ನು ಸೇರಿಸಿದರೆ ಆಕ್ಷೇಪವು ಪರಿಹಾರವಾಗಿ ಗಣಿತವು ಹಾಗೆಯೇ ಉಳಿಯುತ್ತದೆ. ೧೯೨೯ರಲ್ಲಿ ವೈಲನೇ ಇದನ್ನು ಪೂರ್ಣವಾಗಿ ನಿರೂಪಿಸಿ, ಗೇಜ್ ತತ್ತ್ವವು ವಿದ್ಯುತ್ತನ್ನು ಗುರುತ್ವದೊಡನೆ ಅಲ್ಲ, ದ್ರವ್ಯದೊಡನೆ ಜೋಡಿಸುತ್ತದೆಂದು ಒಪ್ಪಿದನು. ಎಂದರೆ, ಬಹಿರಂಗವನ್ನೂ ಅಂತರಂಗವನ್ನೂ ಒಂದುಗೂಡಿಸಲು ಹುಟ್ಟಿದ ತತ್ತ್ವವು ಕೊನೆಗೆ ಅವೆರಡನ್ನೂ ಬೇರ್ಪಡಿಸಿತು! ಪ್ರಾವಸ್ಥೆಯ ಕೋನವು ದೇಶಕಾಲದ ಯಾವ ದಿಕ್ಕಿನಲ್ಲಿಯೂ ಇಲ್ಲ. ಗೇಜ್ ಎಂಬ ಹೆಸರು ಮಾತ್ರ, ಅರ್ಥವು ಬಿಟ್ಟುಹೋದ ರೂಢಿಶಬ್ದದಂತೆ, ಉಳಿದುಕೊಂಡಿತು.

೪. ಐದನೆಯ ಆಯಾಮ

ಕೋನಕ್ಕೆ ದೇಶಕಾಲದಲ್ಲಿ ಎಡೆಯಿಲ್ಲದಿದ್ದರೆ ದೇಶಕಾಲವನ್ನೇ ಹಿಗ್ಗಿಸಬಹುದಷ್ಟೆ. ಈ ಮಾರ್ಗವನ್ನು ಕೋನಿಗ್ಸ್‌ಬರ್ಗಿನ ಥಿಯೊಡೋರ್ ಕಲೂಜನು ಹಿಡಿದನು. ಗುರುತ್ವದ ಸಮೀಕರಣಗಳನ್ನು ನಾಲ್ಕರ ಬದಲು ಐದು ಆಯಾಮಗಳಲ್ಲಿ ಬರೆದರೆ, ಹೆಚ್ಚಾಗಿ ಬಂದ ಪದಗಳು ವಿದ್ಯುತ್ಕಾಂತದ ಸಮೀಕರಣಗಳೇ ಆಗುತ್ತವೆಂದು ೧೯೧೯ರಲ್ಲಿ ಆತನು ಐನ್‌ಸ್ಟೈನನಿಗೆ ತಿಳಿಸಿದನು. ಐನ್‌ಸ್ಟೈನನು ಮೊದಲು ಮೆಚ್ಚಿ, ಅನಂತರ ಸಂದೇಹಪಟ್ಟು, ಸುಮಾರು ಎರಡೂವರೆ ವರ್ಷಗಳಾದ ಮೇಲೆ ಅದನ್ನು ವಿದ್ವತ್ಸಂಸ್ಥೆಗೆ ಒಪ್ಪಿಸಿದನು. ೧೯೨೧ರಲ್ಲಿ ಅದು ಪ್ರಕಟವಾಯಿತು.

ಐದನೆಯ ಆಯಾಮವು ಕಾಣುವುದಿಲ್ಲವೇಕೆಂಬುದಕ್ಕೆ ೧೯೨೬ರಲ್ಲಿ ಸ್ವೀಡನ್ನಿನ ಆಸ್ಕರ್ ಕ್ಲೈನನು ಉತ್ತರ ಹೇಳಿದನು. ಅದು ಬಳೆಯಂತೆ ಸುತ್ತಿಕೊಂಡಿದೆ. ಅದರ ಸುತ್ತಳತೆಯು ಒಂದು ಸೆಂಟಿಮೀಟರನ್ನು ೧ರ ಮುಂದೆ ೩೦ ಸೊನ್ನೆಗಳುಳ್ಳ ಸಂಖ್ಯೆಯಿಂದ ಭಾಗಿಸಿದರೆ ಬರುವಷ್ಟು ಕಿರಿದು. ಆ ಬಳೆಯ ಸುತ್ತ ಸ್ಥಳಾಂತರಹೊಂದುವುದೇ ಪ್ರಾವಸ್ಥೆಯ ಬದಲಾವಣೆ. ಆ ದಿಕ್ಕಿನ ಸಂವೇಗವೇ ವಿದ್ಯುದಂಶ. ಬಳೆಯ ಮೇಲೆ ಅಲೆಗಳು ಪೂರ್ಣಸಂಖ್ಯೆಯಲ್ಲಿಯೇ ಹಿಡಿಸುವುವಾದುದರಿಂದ ವಿದ್ಯುದಂಶವು ಒಂದು ಕನಿಷ್ಠಾಂಶದ ಗುಣಕಗಳಲ್ಲಿಯೇ ದೊರೆಯುತ್ತದೆ. ಅಂತರಂಗವೆಂಬುದು ಬೇರೆಯಿಲ್ಲ, ಅದು ಬಹಿರಂಗದ ಕಾಣದ ಭಾಗವೆಂಬ ಈ ಮಾತು ಐಕ್ಯವಾದಗಳಲ್ಲೆಲ್ಲ ಅತ್ಯಂತ ನೇರವಾದದ್ದು. ಆದರೆ ಅಷ್ಟು ಕಿರಿದಾದ ಬಳೆಯಲ್ಲಿ ಹಿಡಿಸಿದ ಅಲೆಗೆ ಅತ್ಯಧಿಕ ದ್ರವ್ಯರಾಶಿಯಿರಬೇಕು. ಹಗುರವಾದ ಎಲೆಕ್ಟ್ರಾನಿಗೆ ಅದರಲ್ಲಿ ಸ್ಥಳವಿಲ್ಲ. ಹೀಗೆ ವಿದ್ಯುದಂಶಕ್ಕೆ ಕಾರಣವನ್ನು ಹೇಳಿದ ವಾದವು ವಿದ್ಯುದಂಶವುಳ್ಳ ಮೊದಲನೆಯ ಕಣವನ್ನೇ ಹೊರಗಿಟ್ಟಿತು.

೫. ಗೇಜ್ ತತ್ತ್ವದ ವಿಸ್ತಾರ

೧೯೩೨ರಲ್ಲಿ ಹೈಸೆನ್‌ಬರ್ಗನು ಪ್ರೋಟಾನು ನ್ಯೂಟ್ರಾನುಗಳನ್ನು ಒಂದೇ ಕಣದ ಎರಡು ಅವಸ್ಥೆಗಳೆಂದು ಭಾವಿಸಲು ದಾರಿಮಾಡಿದನು. ಒಂದನ್ನು ಇನ್ನೊಂದಾಗಿ ತಿರುಗಿಸುವ ಈ ಅಂತರಂಗ ಭ್ರಮಣಕ್ಕೆ ಐಸೋಸ್ಪಿನ್ ಎಂದು ಹೆಸರಾಯಿತು. ೧೯೫೪ರಲ್ಲಿ ಯಾಂಗ್ ಮತ್ತು ಮಿಲ್ಸ್ ಎಂಬಿಬ್ಬರು ಅಮೆರಿಕದ ಬ್ರೂಕ್‌ಹೇವನ್ನಿನಲ್ಲಿ, ಈ ಭ್ರಮಣವನ್ನು ಬಿಂದುಬಿಂದುವಿನಲ್ಲಿಯೂ ಸ್ವತಂತ್ರವಾಗಿ ಮಾಡಬಹುದೆಂದು ಭಾವಿಸಿ, ವೈಲನ ತತ್ತ್ವವನ್ನು ಕ್ರಮಭೇದದಿಂದ ಫಲಭೇದವಾಗುವ ಸಂಕುಲಗಳಿಗೆ ವಿಸ್ತರಿಸಿದರು.

ಈ ಕೀರ್ತಿಯು ಅವರಿಬ್ಬರದೆಂದು ಪಾಠಗ್ರಂಥಗಳು ಹೇಳುವುದು ಯುಕ್ತವೇ. ಆದರೆ ಚರಿತ್ರೆಯಲ್ಲಿ ಇನ್ನೂ ಕೆಲವರ ಹೆಜ್ಜೆಗಳಿವೆ. ೧೯೫೩ರಲ್ಲಿ ಪೌಲಿಯು ಕಲೂಜ ಕ್ಲೈನರ ಮಾರ್ಗದಲ್ಲಿಯೇ ನಡೆದು, ಬಳೆಯ ಬದಲು ಗೋಳವೊಂದನ್ನು ಕಲ್ಪಿಸಿ, ಆರು ಆಯಾಮಗಳಿಂದ ಇದೇ ರಚನೆಯ ಹತ್ತಿರಕ್ಕೆ ಬಂದು, ಅದನ್ನು ಪತ್ರಗಳಲ್ಲಿ ಬರೆದು, ಪ್ರಕಟಿಸದೆ ಬಿಟ್ಟನು. ಫಲಿಸುವ ಬಲವಾಹಕ ಕಣಗಳಿಗೆ ದ್ರವ್ಯರಾಶಿಯಿರಲಾರದು, ಅಂತಹ ಕಣಗಳು ಕಂಡಿಲ್ಲ ಎಂಬುದೇ ಆತನನ್ನು ತಡೆದ ಆಕ್ಷೇಪ. ೧೯೫೪ರಲ್ಲಿ ಯಾಂಗನು ಪ್ರಿನ್ಸ್‌ಟನ್ನಿನಲ್ಲಿ ಉಪನ್ಯಾಸ ಮಾಡಿದಾಗ ಪೌಲಿಯು ದ್ರವ್ಯರಾಶಿಯೆಷ್ಟೆಂದು ಮತ್ತೆ ಮತ್ತೆ ಕೇಳಿದನು, ಯಾಂಗನಲ್ಲಿ ಉತ್ತರವಿರಲಿಲ್ಲ. ಕೇಂಬ್ರಿಜ್ಜಿನ ರೊನಾಲ್ಡ್ ಶಾ ಎಂಬವನು ಇದೇ ಸಮೀಕರಣಗಳನ್ನು ತನ್ನ ಪ್ರಬಂಧದಲ್ಲಿ ಸ್ವತಂತ್ರವಾಗಿ ಬರೆದಿದ್ದನು. ಜಪಾನಿನ ಉಟಿಯಾಮನೂ ಇದೇ ಮಾರ್ಗದಲ್ಲಿದ್ದು, ೧೯೫೬ರಲ್ಲಿ ಹೆಚ್ಚು ವ್ಯಾಪಕವಾದ ನಿರೂಪಣೆಯನ್ನು ಪ್ರಕಟಿಸಿದನು. ಉಟಿಯಾಮನ ಲೇಖನದಲ್ಲಿ ಗುರುತ್ವವೂ ಒಂದು ಗೇಜ್ ಕ್ಷೇತ್ರವಾಗಿ ಕಾಣಿಸಿಕೊಂಡಿತು. ೧೯೬೧ರಲ್ಲಿ ಕಿಬ್ಬಲನು ಬಹಿರಂಗದ ಹತ್ತೂ ಮಾರ್ಪಾಡುಗಳನ್ನು ಹಾಗೆ ಬಿಂದುಬಿಂದುವಿನಲ್ಲಿ ಸ್ವತಂತ್ರಗೊಳಿಸಿ ಗುರುತ್ವವನ್ನು ಪಡೆದನು.

ಇಲ್ಲಿ ಒಂದು ವಿವೇಚನೆಯು ಅವಶ್ಯಕ. ಗುರುತ್ವವೂ ಗೇಜ್ ಬಲಗಳೂ ಒಂದೇ ರೀತಿಯ ಗಣಿತದಿಂದ ಹುಟ್ಟುತ್ತವೆಂಬುದು ಸಾದೃಶ್ಯ. ಅವೆರಡೂ ಒಂದೇ ಎಂಬುದು ತಾದಾತ್ಮ್ಯ. ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ, ಉಟಿಯಾಮ ಕಿಬ್ಬಲರದು ಉಪಮೆ, ಕಲೂಜನದು ರೂಪಕ. ಗುರುತ್ವದಲ್ಲಿ ಪ್ರತಿ ಬಿಂದುವಿನ ಮಾನದಂಡವು ದೇಶಕಾಲದ ದಿಕ್ಕುಗಳಿಗೇ ಬೆಸೆದುಕೊಂಡಿದೆ. ಯಾಂಗ್ ಮಿಲ್ಸರ ಕ್ಷೇತ್ರದಲ್ಲಿ ಅಂತಹ ಬೆಸುಗೆಯಿಲ್ಲ. ಉಪಮೆಯಲ್ಲಿ ಭೇದವು ಉಳಿದೇ ಇರುತ್ತದೆ.

ಪೌಲಿಯ ಆಕ್ಷೇಪಕ್ಕೆ ಉತ್ತರವು ತಡವಾಗಿ ಬಂದಿತು. ಸಮಮಿತಿಯು ನಿಯಮದಲ್ಲಿದ್ದು ಸ್ಥಿತಿಯಲ್ಲಿ ಮರೆಯಾಗಬಹುದೆಂದು ೧೯೬೪ರಲ್ಲಿ ಎಂಗ್ಲೇರ್, ಬ್ರೌಟ್, ಹಿಗ್ಸ್ ಮೊದಲಾದವರು ತೋರಿಸಿದರು; ೧೯೬೭ರಲ್ಲಿ ವೈನ್‌ಬರ್ಗನೂ ೧೯೬೮ರಲ್ಲಿ ಅಬ್ದುಸ್ ಸಲಾಮನೂ ಅದನ್ನು ದುರ್ಬಲ ಬಲಕ್ಕೆ ಅನ್ವಯಿಸಿದರು. ೧೯೮೩ರಲ್ಲಿ ಭಾರವಾದ ಬಲವಾಹಕ ಕಣಗಳು ಜಿನೀವದ ಸರ್ನ್ ಸಂಸ್ಥೆಯಲ್ಲಿ ಕಂಡುವು. ೨೦೧೨ರಲ್ಲಿ ಹಿಗ್ಸ್ ಕಣವು ಅಲ್ಲಿಯೇ ಪ್ರತ್ಯಕ್ಷವಾಯಿತು.

೬. ನಿಷೇಧಪ್ರಮೇಯ

ಇತ್ತ ೧೯೬೪ರಲ್ಲಿ ಐಕ್ಯದ ಆಶೆಯು ಬೇರೊಂದು ದಿಕ್ಕಿನಿಂದ ಚಿಗುರಿತು. ಪ್ರೋಟಾನು ಮೊದಲಾದ ಕಣಗಳು ಮೂರು ವಿಧದ ಕ್ವಾರ್ಕುಗಳಿಂದಾದುವೆಂಬ ಊಹೆಯನ್ನು ಗೆಲ್‌ಮನ್ನನೂ ಟ್ಸ್ವೈಗನೂ ಆ ವರ್ಷ ಮುಂದಿಟ್ಟಿದ್ದರು. ಮೂರು ವಿಧ, ಪ್ರತಿಯೊಂದಕ್ಕೂ ಸ್ಪಿನ್ನಿನ ಎರಡು ದಿಕ್ಕು. ಒಟ್ಟು ಆರು ಅವಸ್ಥೆಗಳು. ವಿಧವು ಅಂತರಂಗಕ್ಕೆ ಸೇರಿದ್ದು, ಸ್ಪಿನ್ ಬಹಿರಂಗಕ್ಕೆ ಸೇರಿದ್ದು. ಈ ಆರನ್ನೂ ಒಂದರೊಳಗೊಂದು ಬೆರೆಸುವ ಎಸ್.ಯು. ೬ ಎಂಬ ಸಂಕುಲವನ್ನು ಗ್ಯುರ್ಸೆ, ರಾಡಿಕಾಟಿ ಮತ್ತು ಸಕೀಟ ಎಂಬವರು ಪ್ರಯೋಗಿಸಿದರು. ಫಲವು ಬೆರಗುಗೊಳಿಸುವಂತಿತ್ತು. ಅರ್ಧ ಸ್ಪಿನ್ನಿನ ಎಂಟು ಕಣಗಳಿಗೆ ಎರಡೆರಡರಂತೆ ೧೬ ಅವಸ್ಥೆಗಳು, ಒಂದೂವರೆ ಸ್ಪಿನ್ನಿನ ಹತ್ತು ಕಣಗಳಿಗೆ ನಾಲ್ಕುನಾಲ್ಕರಂತೆ ೪೦ ಅವಸ್ಥೆಗಳು, ಕೂಡಿ ೫೬. ಆ ಸಂಕುಲದಲ್ಲಿ ೫೬ ಅವಸ್ಥೆಗಳ ಕುಟುಂಬವೊಂದು ತಾನಾಗಿಯೇ ಇದೆ. ಪ್ರೋಟಾನಿನ ಕಾಂತಬಲಕ್ಕೂ ನ್ಯೂಟ್ರಾನಿನದಕ್ಕೂ ಇರುವ ಪ್ರಮಾಣವು ೧.೫ ಆಗಬೇಕೆಂದೂ ಚಿಹ್ನೆಗಳು ವಿರುದ್ಧವಾಗಿರಬೇಕೆಂದೂ ಲೆಕ್ಕವು ಹೇಳಿತು, ಅಳತೆಯು ೧.೪೬ ಎನ್ನುತ್ತದೆ.

ಆದರೆ ಈ ಲೆಕ್ಕವು ಮಂದಗತಿಯ ಕಣಗಳಿಗೆ ಮಾತ್ರ ಸಲ್ಲುವಂಥದು. ಇದನ್ನು ಸಾಪೇಕ್ಷತಾವಾದಕ್ಕೆ ಹೊಂದಿಸಲು ೧೯೬೫ರಲ್ಲಿ ನಡೆದ ಪ್ರಯತ್ನಗಳು ಒಂದರ ಹಿಂದೊಂದು ಮುರಿದುಬಿದ್ದುವು. ಮುರಿಯುವುದು ಪ್ರಯತ್ನದ ದೋಷದಿಂದಲೋ ವಿಷಯದ ಸ್ವಭಾವದಿಂದಲೋ ಎಂಬ ಶಂಕೆಯು ಸಹಜವಾಗಿ ಹುಟ್ಟಿತು. ೧೯೬೪ರಲ್ಲಿ ಮೆಗ್ಲಿನ್, ೧೯೬೫ರಲ್ಲಿ ಐರ್ಲೆಂಡಿನ ಓರಾಫರ್ಟಿ ಎಂಬವರು ಸೀಮಿತವಾದ ನಿಷೇಧಗಳನ್ನು ಸಾಧಿಸಿದರು. ೧೯೬೭ರಲ್ಲಿ ಹಾರ್ವರ್ಡಿನ ಸಿಡ್ನಿ ಕೋಲ್ಮನ್ ಮತ್ತು ಜೆಫ್ರಿ ಮಂಡೂಲ ಎಂಬವರು ವ್ಯಾಪಕವಾದ ಪ್ರಮೇಯವನ್ನು ಪ್ರಕಟಿಸಿದರು: ಕಣಗಳು ಒಂದಕ್ಕೊಂದು ತಾಗಿ ಚೆದರುವ ಜಗತ್ತಿನಲ್ಲಿ, ಬಹಿರಂಗದ ಹತ್ತು ಮಾರ್ಪಾಡುಗಳೂ ಅಂತರಂಗದ ಮಾರ್ಪಾಡುಗಳೂ ಪಕ್ಕಪಕ್ಕದಲ್ಲಿರಬಹುದೇ ಹೊರತು ಒಂದರೊಳಗೊಂದು ಬೆರೆಯಲಾರವು.

ಪ್ರಮೇಯದ ಗಣಿತವು ಕಠಿನವಾದರೂ ಅದರ ಯುಕ್ತಿಯು ಸುಲಭವೇದ್ಯ. ಎರಡು ಕಣಗಳು ತಾಗಿ ಎರಡೇ ಕಣಗಳಾಗಿ ಹೊರಡುವಾಗ, ಶಕ್ತಿ ಸಂವೇಗಗಳ ನಿತ್ಯತೆಯಿಂದ ಎಲ್ಲವೂ ನಿಶ್ಚಿತವಾಗಿ, ಚೆದರುವ ಕೋನವೊಂದು ಮಾತ್ರ ಸ್ವತಂತ್ರವಾಗಿ ಉಳಿಯುತ್ತದೆ. ಬಹಿರಂಗದೊಡನೆ ಬೆರೆತ ಹೊಸ ಸಮಮಿತಿಯೊಂದು ಇದ್ದರೆ, ನೋಯ್ಥರ್ ಪ್ರಮೇಯದಂತೆ ಹೊಸ ನಿತ್ಯರಾಶಿಯೊಂದು ಬಂದು, ಆ ಕೋನವನ್ನೂ ಕಟ್ಟಿಹಾಕುತ್ತದೆ. ಬಿಡಿಬಿಡಿಯಾದ ಕೆಲವು ಕೋನಗಳಲ್ಲಿ ಮಾತ್ರ ಚೆದರಿಕೆಯು ನಡೆಯಬಹುದೆಂದಾಗುತ್ತದೆ. ಆದರೆ ಚೆದರಿಕೆಯ ಪ್ರಮಾಣವು ಕೋನದೊಡನೆ ಅಖಂಡವಾಗಿ ಬದಲಾಗತಕ್ಕದ್ದು. ಕೆಲವು ಕೋನಗಳನ್ನು ಬಿಟ್ಟು ಉಳಿದೆಡೆ ಸೊನ್ನೆಯಾದದ್ದು ಎಲ್ಲೆಡೆಯೂ ಸೊನ್ನೆಯೇ. ಸಾರಾಂಶವಿದು: ಅತಿಯಾದ ಸಮಮಿತಿಯುಳ್ಳ ಜಗತ್ತಿನಲ್ಲಿ ಏನೂ ಸಂಭವಿಸುವುದಿಲ್ಲ. ಐಕ್ಯವು ಪೂರ್ಣವಾದರೆ ವ್ಯವಹಾರವೇ ಲೋಪವಾಗುತ್ತದೆ.

೭. ಅಪವಾದ

ಉತ್ಸರ್ಗವಿಧಿಯೊಂದನ್ನು ಹೇಳಿದಾಗ ಅದರ ವ್ಯಾಪ್ತಿಯನ್ನು ನಿರ್ಣಯಿಸುವುದು ಅದರಲ್ಲಿರುವ ನಿಬಂಧನೆಗಳು. ಕೋಲ್ಮನ್ ಮಂಡೂಲರ ಪ್ರಮೇಯದಲ್ಲಿ ಒಂದು ನಿಬಂಧನೆಯು ಎಷ್ಟು ಸಹಜವಾಗಿತ್ತೆಂದರೆ, ಅದು ನಿಬಂಧನೆಯೆಂದೇ ಯಾರಿಗೂ ತೋರಿರಲಿಲ್ಲ: ಸಮಮಿತಿಯ ಮಾರ್ಪಾಡು ಕಣದ ಸಂಖ್ಯಾಧರ್ಮವನ್ನು ಬದಲಿಸುವುದಿಲ್ಲವೆಂಬುದು. ಪ್ರಕೃತಿಯ ಕಣಗಳಲ್ಲಿ ಎರಡು ಕುಲಗಳಿವೆ. ಒಂದೇ ಅವಸ್ಥೆಯಲ್ಲಿ ಎಷ್ಟಾದರೂ ಕೂಡಿರಬಲ್ಲವು ಬೋಸಾನುಗಳು. ೧೯೨೪ರಲ್ಲಿ ಢಾಕೆಯಲ್ಲಿದ್ದ ಸತ್ಯೇಂದ್ರನಾಥ ಬೋಸರ ಗಣನೆಯಿಂದ ಅವಕ್ಕೆ ಆ ಹೆಸರು. ಒಂದು ಅವಸ್ಥೆಯಲ್ಲಿ ಒಂದೇ ಇರಬಲ್ಲವು ಫರ್ಮಿಯಾನುಗಳು. ಬೋಸಾನನ್ನು ಫರ್ಮಿಯಾನಾಗಿ, ಫರ್ಮಿಯಾನನ್ನು ಬೋಸಾನಾಗಿ ಮಾಡುವ ಮಾರ್ಪಾಡನ್ನು ಪ್ರಮೇಯವು ಪರಿಗಣಿಸಿರಲೇ ಇಲ್ಲ. ಅತಿಸಮಮಿತಿಯೆಂದು ಕರೆಯಬಹುದಾದ ಈ ಮಾರ್ಪಾಡನ್ನು ಎರಡು ಸಲ ಮಾಡಿದರೆ ಫಲಿಸುವುದು ದೇಶಕಾಲದಲ್ಲಿ ಒಂದು ಸ್ಥಳಾಂತರ! ಕುಲವನ್ನು ಬದಲಿಸಿ ಮರಳಿ ಬದಲಿಸಿದ ಕಣವು ಇದ್ದಲ್ಲಿರದೆ ಸರಿದಿರುತ್ತದೆ. ಇಲ್ಲಿ ಬಹಿರಂಗವು ಬೇರೊಂದರ ಫಲವಾಗಿ ತೋರುತ್ತದೆ.

ನಿಷೇಧವನ್ನು ಓದಿ ಅದರ ಬಿರುಕನ್ನು ಹುಡುಕಿದವರು ಇದನ್ನು ಕಂಡರೆಂಬಂತೆ ಪಾಠಗ್ರಂಥಗಳಲ್ಲಿ ಭಾಸವಾಗುತ್ತದೆ. ಚರಿತ್ರೆಯು ಹಾಗೆ ಹೇಳುವುದಿಲ್ಲ. ೧೯೭೧ರಲ್ಲಿ ಮಾಸ್ಕೋವಿನ ಯೂರಿ ಗೋಲ್ಫಾಂಡನೂ ಆತನ ಶಿಷ್ಯ ಲಿಕ್ಟ್‌ಮನ್ನನೂ ಇದನ್ನು ಪ್ರಕಟಿಸಿದಾಗ, ಅವರ ಲಕ್ಷ್ಯವಿದ್ದದ್ದು ದುರ್ಬಲ ಬಲದಲ್ಲಿ ಎಡಬಲಗಳ ಸಾಮ್ಯವು ಏಕೆ ಕೆಡುತ್ತದೆಂಬುದರಲ್ಲಿ. ೧೯೭೨ರಲ್ಲಿ ಖಾರ್ಕೋವಿನ ವೋಲ್ಕೋವನೂ ಅಕುಲೋವನೂ ವಿಚಾರಿಸಿದ್ದು ನ್ಯೂಟ್ರಿನೋ ಎಂಬ ಕಣವು ಭಗ್ನವಾದ ಒಂದು ಸಮಮಿತಿಯ ಶೇಷವೇ ಎಂಬುದನ್ನು. ಪಶ್ಚಿಮದಲ್ಲಿ ೧೯೭೧ರಲ್ಲಿ ರಮೋನ್, ನೆವೋ, ಶ್ವಾರ್ಟ್ಸ್ ಮೊದಲಾದವರು ತಂತುವಾದಕ್ಕೆ ಫರ್ಮಿಯಾನುಗಳನ್ನು ಸೇರಿಸುವಾಗ ಎರಡು ಆಯಾಮಗಳಲ್ಲಿ ಇದನ್ನು ಕಂಡರು. ೧೯೭೪ರಲ್ಲಿ ಯೂಲಿಯಸ್ ವೆಸ್ಸನೂ ಬ್ರೂನೋ ಜುಮೀನೋವೂ ಅದನ್ನು ನಾಲ್ಕು ಆಯಾಮಗಳಿಗೆ ತಂದರು. ಮೂರು ಮನೆಗಳಲ್ಲಿ ಮೂರು ಕಾರಣಗಳಿಂದ ಒಂದೇ ಶಿಶುವು ಹುಟ್ಟಿತೆನ್ನಬೇಕು. ೧೯೭೫ರಲ್ಲಿ ಹಾಗ್, ಲೊಪುಶಾನ್‌ಸ್ಕಿ, ಸೋನಿಯಸ್ ಎಂಬ ಮೂವರು ಹಳೆಯ ನಿಷೇಧವನ್ನು ಪುನಃ ಶೋಧಿಸಿ, ಸಂಖ್ಯಾಧರ್ಮದ ನಿಬಂಧನೆಯನ್ನು ಬಿಟ್ಟರೆ ಉಳಿಯುವ ದಾರಿಯು ಈ ಅತಿಸಮಮಿತಿಯೆಂದು ನಿರ್ಣಯಿಸಿದರು. ಅಪವಾದವು ಮೊದಲು ಹುಟ್ಟಿ, ಅದು ಅಪವಾದವೆಂಬ ಜ್ಞಾನವು ಅನಂತರ ಬಂದಿತು.

ಮೊದಲಿಗನಾದ ಗೋಲ್ಫಾಂಡನಿಗೆ ಫಲವು ದೊರೆಯಲಿಲ್ಲ. ಆತನು ಕೆಲವು ವರ್ಷಗಳಲ್ಲಿಯೇ ಉದ್ಯೋಗವನ್ನು ಕಳೆದುಕೊಂಡು, ಇಸ್ರೇಲಿಗೆ ತೆರಳಲು ಅನುಮತಿ ಕೇಳಿ, ದೀರ್ಘಕಾಲ ಅದು ಸಿಕ್ಕದೆ, ೧೯೯೦ರಲ್ಲಿ ಹೊರಟು, ೧೯೯೪ರಲ್ಲಿ ತೀರಿಕೊಂಡನು. ಶಾಸ್ತ್ರಚರಿತ್ರೆಯು ಸಿದ್ಧಾಂತಗಳ ಕ್ರಮವನ್ನು ಮಾತ್ರ ನೋಡಿದರೆ ಇಂತಹವರ ಹೆಸರು ಅಡಿಟಿಪ್ಪಣಿಯಾಗಿಬಿಡುತ್ತದೆ.

೮. ಅಪವಾದದ ಎಲ್ಲೆ

ಅತಿಸಮಮಿತಿಯಿಂದ ಮೂಲಪ್ರಶ್ನೆಗೆ ಉತ್ತರವಾಯಿತೆ? ಆಗಲಿಲ್ಲ. ಒಂದೇ ಅತಿಸಮಮಿತಿಯುಳ್ಳ ಪ್ರಪಂಚದಲ್ಲಿ ಜೊತೆಗಾರ ಕಣಗಳಿಗೆ ಒಂದೇ ವಿದ್ಯುದಂಶವಿರಬೇಕು. ಬೆಳಕಿನ ಕಣವಾದ ಫೋಟಾನಿಗೆ ವಿದ್ಯುದಂಶವಿಲ್ಲ, ಎಲೆಕ್ಟ್ರಾನಿಗೆ ಇದೆ. ಆದುದರಿಂದ ಪರಿಚಿತ ಕಣಗಳು ಪರಸ್ಪರ ಜೊತೆಯಾಗುವುದಿಲ್ಲ. ಪ್ರತಿಯೊಂದಕ್ಕೂ ಕಾಣದಿರುವ ಜೊತೆಯೊಂದನ್ನು ಕಲ್ಪಿಸಬೇಕು. ಗೇಜ್ ಸಮಮಿತಿಯು ಮೊದಲಿನಂತೆಯೇ ಪಕ್ಕದಲ್ಲಿ ನಿಂತಿರುತ್ತದೆ.

೧೯೭೬ರಲ್ಲಿ ಫ್ರೀಡ್‌ಮನ್, ಫಾನ್ ನ್ಯೂವೆನ್‌ಹೌಜೆನ್, ಫೆರಾರಾ ಎಂಬವರೂ, ಅವರ ಹಿಂದೆಯೇ ಡೆಸರ್ ಜುಮೀನೋಗಳೂ, ಅತಿಸಮಮಿತಿಯನ್ನು ಬಿಂದುಬಿಂದುವಿನಲ್ಲಿ ಸ್ವತಂತ್ರಗೊಳಿಸಿದಾಗ ಗುರುತ್ವವು ತಾನಾಗಿ ಬಂದಿತು. ಎಂಟು ಅತಿಸಮಮಿತಿಗಳನ್ನು ಕೂಡಿಸಿದರೆ, ಗುರುತ್ವವಾಹಕ ೧, ಅದರ ಜೊತೆಗಾರರ ೮, ಗೇಜ್ ಬಲವಾಹಕಗಳು ೨೮, ಅರ್ಧ ಸ್ಪಿನ್ನಿನವು ೫೬, ಸ್ಪಿನ್ನಿಲ್ಲದವು ೭೦, ಎಲ್ಲವೂ ಒಂದೇ ಕುಟುಂಬವಾಗುತ್ತವೆ. ಗೇಜ್ ಬಲವೂ ಗುರುತ್ವವೂ ಒಂದೇ ಮನೆಯವಾದದ್ದು ಇಲ್ಲಿಯೇ. ಆದರೆ ಆ ೨೮ ವಾಹಕಗಳ ಸಂಕುಲವು ಪ್ರಕೃತಿಯಲ್ಲಿ ಕಂಡ ಮೂರು ಬಲಗಳ ಗೇಜ್ ಸಂಕುಲವನ್ನು ಒಳಗೊಳ್ಳುವಷ್ಟು ದೊಡ್ಡದಲ್ಲ.

ಕಲೂಜನ ಮಾರ್ಗವೂ ಮತ್ತೆ ತೆರೆಯಿತು. ಅತಿಗುರುತ್ವಕ್ಕೆ ೧೧ ಆಯಾಮಗಳು ಪರಮಾವಧಿಯೆಂದು ೧೯೭೮ರಲ್ಲಿ ನಾಮ್ ಎಂಬವನು ತೋರಿಸಿದ್ದನು. ಪರಿಚಿತ ಗೇಜ್ ಬಲಗಳೆಲ್ಲ ದೇಶಕಾಲದ ಸಮಮಿತಿಗಳೇ ಆಗಬೇಕಾದರೆ ನಾಲ್ಕರ ಮೇಲೆ ಕನಿಷ್ಠ ೭ ಆಯಾಮಗಳು ಬೇಕೆಂದು ೧೯೮೧ರಲ್ಲಿ ಎಡ್ವರ್ಡ್ ವಿಟನ್ನನು ಕಂಡನು. ಗರಿಷ್ಠವೂ ಕನಿಷ್ಠವೂ ೧೧ರಲ್ಲಿಯೇ ಕೂಡಿದುವು! ಆದರೂ ಎಡಬಲಗಳ ಭೇದವು ಅಡ್ಡಬಂದಿತು. ದುರ್ಬಲ ಬಲವು ಎಡತಿರುಗಿನ ಕಣಗಳನ್ನು ಬಲತಿರುಗಿನವುಗಳಿಗಿಂತ ಬೇರೆಯಾಗಿ ಕಾಣುತ್ತದೆಂದು ೧೯೫೭ರಲ್ಲಿಯೇ ಪ್ರಯೋಗದಿಂದ ಸಿದ್ಧವಾಗಿದ್ದಿತು. ೧೧ ಆಯಾಮಗಳನ್ನು ಈ ರೀತಿ ಮಡಿಸಿದರೆ ಆ ಭೇದವು ಹುಟ್ಟುವುದಿಲ್ಲವೆಂದು ವಿಟನ್ನನೇ ಸಾಧಿಸಿದನು. ೨೦೦೭ರಲ್ಲಿ ಗ್ಯಾರೆಟ್ ಲೀಸಿ ಎಂಬವನು ೨೪೮ ಆಯಾಮಗಳ ಒಂದೇ ಸಂಕುಲದಲ್ಲಿ ಗುರುತ್ವವನ್ನೂ ಗೇಜ್ ಬಲಗಳನ್ನೂ ಅಡಗಿಸಲು ಯತ್ನಿಸಿದಾಗಲೂ, ೨೦೧೦ರಲ್ಲಿ ಡಿಸ್ಟ್ಲರ್ ಮತ್ತು ಗ್ಯಾರಿಬಾಲ್ಡಿ ಎಂಬವರು ಎತ್ತಿ ತೋರಿಸಿದ್ದು ಇದೇ ಎಡಬಲಗಳ ದೋಷವನ್ನು. ಗೋಲ್ಫಾಂಡನು ಯಾವ ಪ್ರಶ್ನೆಯಿಂದ ಹೊರಟನೋ ಆ ಪ್ರಶ್ನೆಯೇ ಐಕ್ಯವಾದಗಳ ದ್ವಾರದಲ್ಲಿ ಕಾವಲು ನಿಂತಿದೆ.

ಸರ್ನ್ ಸಂಸ್ಥೆಯ ಮಹಾಯಂತ್ರದಲ್ಲಿ ೨೦೧೦ರಿಂದ ನಡೆದ ಶೋಧನೆಗಳಲ್ಲಿ ಜೊತೆಗಾರ ಕಣವೊಂದೂ ಇದುವರೆಗೆ ಸಿಕ್ಕಿಲ್ಲ. ಅಷ್ಟರಿಂದ ಅತಿಸಮಮಿತಿಯು ಅಸಿದ್ಧವೆನ್ನಲಾಗದು. ಯಂತ್ರದ ಶಕ್ತಿಗೆ ಮೀರಿದ ಭಾರದ ಕಣಗಳಿರಬಹುದು. ಆದರೆ ಅನುಪಲಬ್ಧಿಯೂ ಒಂದು ಪ್ರಮಾಣವೆಂದು ಒಪ್ಪುವವರಿಗೆ ಇದು ಅಲಕ್ಷ್ಯಮಾಡುವ ವಿಷಯವಲ್ಲ.

೯. ಉಪಸಂಹಾರ

ಮೇಲ್ಕಂಡ ಚರಿತ್ರೆಯಿಂದ ಫಲಿಸುವ ನಿರ್ಣಯವಿದು. ವೈಲನು ಗುರುತ್ವ ವಿದ್ಯುತ್ತುಗಳ ಐಕ್ಯವನ್ನು ಬಯಸಿ, ಅದನ್ನು ಪಡೆಯದೆ, ಇಂದಿನ ಬಲವಿಜ್ಞಾನಕ್ಕೆಲ್ಲ ಆಧಾರವಾದ ಗೇಜ್ ತತ್ತ್ವವನ್ನು ಕೊಟ್ಟನು. ಆ ತತ್ತ್ವವು ತನ್ನ ನಿಜವಾದ ಸ್ಥಾನವನ್ನು ಸೇರಿದ್ದು ಐನ್‌ಸ್ಟೈನನ ಆಕ್ಷೇಪದಿಂದ. ಪೌಲಿಯ ದ್ರವ್ಯರಾಶಿಯ ಪ್ರಶ್ನೆಯು ಮರೆಯಾದ ಸಮಮಿತಿಯ ಭಾವನೆಯಿಂದ ಉತ್ತರವನ್ನು ಪಡೆಯಿತು. ಕೋಲ್ಮನ್ ಮಂಡೂಲರ ನಿಷೇಧವು, ಅತಿಸಮಮಿತಿಯನ್ನು ಹುಟ್ಟಿಸದಿದ್ದರೂ, ಅದರ ಬೆಲೆಯನ್ನು ತಿಳಿಸಿತು. ಪ್ರತಿಸಲವೂ ಸೌಂದರ್ಯವು ದಾರಿಯನ್ನು ಸೂಚಿಸಿತು. ಆ ದಾರಿಯು ಎಲ್ಲಿಗೆ ಹೋಗುವುದಿಲ್ಲವೆಂಬುದನ್ನು ಬಾಧಕವು ಕಲಿಸಿತು. ಎರಡರಲ್ಲಿ ಒಂದನ್ನು ಬಿಟ್ಟು ಚರಿತ್ರೆಯನ್ನು ಬರೆದರೆ ಅದು ಸ್ತುತಿಯಾದೀತು, ಚರಿತ್ರೆಯಾಗದು.

ಅಂತರಂಗ ಬಹಿರಂಗಗಳು ಒಂದೇ ಎಂಬುದು ಇಂದಿಗೂ ಪ್ರತಿಜ್ಞೆಯಾಗಿಯೇ ಉಳಿದಿದೆ, ಹೇತುವು ದೊರೆತಿಲ್ಲ. ಅವು ಬೇರೆ ಬೇರೆ ಎಂಬುದಕ್ಕೆ ಪ್ರಬಲವಾದ ಪ್ರಮೇಯವಿದೆ. ಆದರೆ ಆ ಪ್ರಮೇಯವು ಸಮತಲವಾದ ದೇಶಕಾಲದಲ್ಲಿ, ಪರಸ್ಪರ ಚೆದರುವ ಕಣಗಳ ವಿಷಯದಲ್ಲಿ ಹೇಳಿದ್ದು. ದೇಶಕಾಲವೇ ಕ್ವಾಂಟಂ ನಿಯಮಕ್ಕೆ ಒಳಪಡುವ ಅವಸ್ಥೆಯಲ್ಲಿ ಅದರ ನಿಬಂಧನೆಗಳಲ್ಲಿ ಯಾವುವು ನಿಲ್ಲುತ್ತವೆಂಬುದನ್ನು ಇನ್ನು ಮುಂದಿನ ವಿಚಾರವೇ ನಿರ್ಣಯಿಸಬೇಕು.